ಕ್ಲಿಪ್ಪಿನ ಹಲ್ಲು

ಆ ಬಣ್ಣದ ಕಾರ್ಖಾನೆಯಲ್ಲಿ ಅವನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಎಲ್ಲರ ಬಾಯಲ್ಲೂ ಅವನು ಕ್ಲಿಪ್ಪಣ್ಣ. ನಮಸ್ಕಾರ, ತಿಂಡಿ ಆಯ್ತಾ, ಇವೆಲ್ಲ ಆಮೇಲೆ. ಬೆಳಿಗ್ಗೆ ಎದುರಿಗೆ ಸಿಕ್ಕವರಿಗೆ ಅವನ ಮೊದಲ ಮಾತೇ ‘ಕ್ಲಿಪ್ಪು ಹಾಕಿದೀರಾ?’ ಮದುವೆಮನೆಗೆ ಹೋದರೆ ಮದುಮಗನನ್ನೂ ಹಾಗೇ ಕೇಳುವ ಆಸಾಮಿ ಅಂತ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಇಪ್ಪತ್ತು ಜನ ದಿನಾ ಬೆಂಕಿಯ ಮಗ್ಗುಲಲ್ಲಿ ನಿಂತು ದುಡಿಯುವ ಜಾಗದಲ್ಲಿ ತಲೆ ತಿನ್ನುವವನು ಒಬ್ಬನಾದರೂ ಇರಬೇಕಲ್ಲ.

ಬಣ್ಣ ಮಾಡುವುದು ಅಂದರೆ ನೀವು ಏನಂದುಕೊಂಡಿದ್ದೀರೋ ನನಗೆ ಗೊತ್ತಿಲ್ಲ. ನೋಡುವುದಕ್ಕೆ ಥೇಟ್ ಅಡುಗೆಯೇ. ಎದೆಮಟ್ಟದ ಉಕ್ಕಿನ ಹಂಡೆ, ಅದರ ಕೆಳಗೆ ನಾಲ್ಕು ರಬ್ಬರ್ ಗಾಲಿ. ಹಂಡೆಗೆ ಮೊದಲು ಜೇನಿನಷ್ಟು ಮಂದವಾದ ರಾಳ ಬಿಡಬೇಕು. ಮೇಲಿಂದ ಗರಗಸದಂಥ ಹಲ್ಲಿರುವ ತಟ್ಟೆ ಇಳಿಸಿ ತಿರುಗಿಸುತ್ತಾ ಚೀಲಗಟ್ಟಲೆ ಬಣ್ಣದ ಪುಡಿ ಸುರಿಯಬೇಕು. ರೊಟ್ಟಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಅದನ್ನು ಗಾಜಿನ ಮಣಿ ತುಂಬಿದ ಗಿರಣಿಯೊಳಗೆ ಹಾಯಿಸಿ, ಬೆರಳಿಗೆ ಒಂದು ಕಣವೂ ಸಿಗದ ಹಾಗೆ ಅರೆಯಬೇಕು. ಮತ್ತೆ ಹಂಡೆಗೆ ತಂದು, ಕೊಳವೆಯಿಂದ ಥಿನ್ನರ್ ಬಿಟ್ಟು ತೆಳ್ಳಗೆ ಮಾಡಬೇಕು. ಸೌಟಿನಲ್ಲಿ ಒಂದಿಷ್ಟು ತೆಗೆದು, ತಳದಲ್ಲಿ ತೂತಿರುವ ಬಟ್ಟಲಿಗೆ ಹಾಕಿ, ಎಷ್ಟು ಹೊತ್ತಿಗೆ ಸೋರಿ ಮುಗಿಯುತ್ತದೆ ಅಂತ ಗಡಿಯಾರ ನೋಡಬೇಕು. ಹದ ಸರಿ ಇದ್ದರೆ ಸೋಸಿ ಡಬ್ಬಿಗೆ ತುಂಬುವುದು. ಅಷ್ಟೇ.

ಗಂಡಾಂತರ ಇರುವುದು ಥಿನ್ನರ್ ಬಿಡುವ ಹೊತ್ತಿನಲ್ಲಿ. ಕೊಳವೆಯಲ್ಲಿ ಉಜ್ಜಿಕೊಂಡು ಹರಿದು, ಮೇಲಿಂದ ಧುಮುಕುವಾಗ ಥಿನ್ನರ್‌ನಲ್ಲಿ ಕರೆಂಟು ಹುಟ್ಟುತ್ತದೆ. ಒಣಹವೆಯ ದಿನ ಸ್ವೆಟರ್ ಬಿಚ್ಚಿದರೆ ಚಟಚಟ ಅನ್ನುತ್ತದಲ್ಲ, ಅದೇ ಕರೆಂಟು. ರಬ್ಬರ್ ಗಾಲಿಯ ಮೇಲೆ ನಿಂತ ಹಂಡೆಯಿಂದ ಅದು ಎಲ್ಲಿಗೂ ಹೋಗಲಾರದು. ಹಂಡೆಯ ಮೈಯಲ್ಲೇ ಗುಮ್ಮನೆ ಕೂತಿರುತ್ತದೆ. ಯಾರೋ ಕಬ್ಬಿಣದ ಸೌಟು ಹಿಡಿದು ಹತ್ತಿರ ಬಂದರೆ ಸಾಕು, ಚಂಗನೆ ಹಾರುತ್ತದೆ. ಸಾಸಿವೆ ಕಾಳಿನಷ್ಟು ಕಿಡಿ. ಸುತ್ತ ಥಿನ್ನರ್‌ನ ಆವಿ ಕಣ್ಣಿಗೆ ಕಾಣದೆ ನೆಲದುದ್ದಕ್ಕೂ ಹಾಸಿಕೊಂಡಿರುತ್ತದೆ, ಅದಕ್ಕೆ ಅಷ್ಟೇ ಬೇಕಾದದ್ದು. ಅದಕ್ಕೇ ಪ್ರತಿ ಹಂಡೆಗೂ ಒಂದು ತಂತಿ, ತಂತಿಯ ತುದಿಗೆ ಗೇಣುದ್ದದ ಹಿತ್ತಾಳೆ ಕ್ಲಿಪ್ಪು. ಕಂಬಕ್ಕೆ ಬೆರಳಗಲ ಅಂತರ ಬಿಟ್ಟು ತಾಮ್ರದ ಪಟ್ಟಿಯೊಂದು ನೆಲದಾಳಕ್ಕೆ ಇಳಿದಿದೆ. ಕ್ಲಿಪ್ಪು ಆ ಪಟ್ಟಿಯನ್ನು ಕಚ್ಚಿಕೊಂಡಿದ್ದರೆ ಕರೆಂಟು ತನ್ನ ಪಾಡಿಗೆ ಮಣ್ಣಿಗೆ ಇಳಿದುಹೋಗುತ್ತದೆ.

ಹನ್ನೊಂದು ವರ್ಷದ ಹಿಂದೆ ಇದೇ ಕಲಸುವ ಶೆಡ್ಡಿನಲ್ಲಿ ಕ್ಲಿಪ್ಪಣ್ಣನ ಒಡಹುಟ್ಟಿದ ಅಣ್ಣ ಸೌಟು ಹಿಡಿದು ಹಂಡೆಯ ಅಂಚಿಗೆ ಕೈ ಚಾಚಿದವನು ಬೆಂಕಿಯೊಳಗೆ ಹೋಗಿಬಿಟ್ಟ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು, ತುಟಿ ಮಾತ್ರ ಕಾಣುತ್ತಿತ್ತು. ಆ ತುಟಿಯಿಂದ ನಾಲ್ಕೂ ದಿನ ಬಂದದ್ದು ಒಂದೇ ಮಾತು: “ಹಾಕಿದ್ದೆ ಕಣೋ. ಹಾಕಿದ್ದೆ.” ತಮ್ಮ ಪಕ್ಕದಲ್ಲಿ ಕೂತು, ಆಯ್ತಣ್ಣ, ಸುಮ್ಮನೆ ಮಲಗು ಅನ್ನುತ್ತಿದ್ದ. ಬಾಯಲ್ಲಿ ಹಾಗಂದನೇ ಹೊರತು ಎಳ್ಳಷ್ಟೂ ನಂಬಿರಲಿಲ್ಲ. ಯಾಕೆಂದರೆ ಕ್ಲಿಪ್ಪು ಸಿಕ್ಕಿದ್ದು ಕಂಬದ ಮೇಲಲ್ಲ, ಇಪ್ಪತ್ತು ಅಡಿ ಆಚೆ ಗಿರಣಿಯ ಅಡಿಯಲ್ಲಿ, ಮಸಿ ಕೂಡ ಸರಿಯಾಗಿ ಮೆತ್ತಿಕೊಳ್ಳದೆ. ಹಂಡೆ ಸಿಡಿದಾಗ ತಂತಿ ಹರಿದು ಎಗರಿ ಬಿದ್ದಿರಬಹುದಲ್ಲ ಅಂತ ಅತ್ತಿಗೆ ಒಬ್ಬಳೇ ಅಂದದ್ದು. ವಿಚಾರಣೆಗೆ ಬಂದ ದೊಡ್ಡವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಲಿಪ್ಪು ಹಾಕಿದ್ದರೆ ಬೆಂಕಿ ಹೇಗಮ್ಮ ಹತ್ತುತ್ತಿತ್ತು ಅಂತ ಕೇಳಿದರು. ಆಮೇಲೆ ತಮ್ಮನ ಕಡೆ ತಿರುಗಿ, ನಿಮ್ಮಣ್ಣನಿಗೆ ಮರೆವು ಇತ್ತೇನಪ್ಪ ಅಂದರು. ಛತ್ರಿ, ಕೀಲಿಕೈ ಒಂದೆರಡು ಸಲ ಎಲ್ಲೋ ಮರೆತು ಬಂದಿದ್ದ ಅಂತ ಅವನು ಇದ್ದದ್ದನ್ನೇ ಹೇಳಿದ. ವರದಿಯಲ್ಲಿ ಉಳಿದದ್ದು ಆ ಒಂದು ಮಾತು. ಬಣ್ಣದ ಕೆಲಸಗಾರ ಕ್ಲಿಪ್ಪು ಹಾಕಲು ಮರೆತಿದ್ದ.

ಆ ಕ್ಲಿಪ್ಪನ್ನು ತಂದು ಶೆಡ್ಡಿನ ಬಾಗಿಲ ಪಕ್ಕ ಒಂದು ಹಲಗೆಗೆ ಮೊಳೆ ಹೊಡೆದು ತೂಗುಹಾಕಿದವನು ತಮ್ಮನೇ. ಕೆಲಸಕ್ಕೆ ಯಾರು ಹೊಸದಾಗಿ ಸೇರಿದರೂ ಮೊದಲ ದಿನ ಅವರನ್ನು ಹಲಗೆಯ ಮುಂದೆ ನಿಲ್ಲಿಸುತ್ತಿದ್ದ. ಕ್ಲಿಪ್ಪನ್ನು ಅಂಗೈ ಮೇಲೆ ಇಟ್ಟುಕೊಂಡು, ಇದು ನನ್ನ ಅಣ್ಣನದು, ನನಗಿಂತ ಹತ್ತು ಪಾಲು ಕೆಲಸ ಬಲ್ಲವನು, ಒಂದು ದಿನ ಮರೆತ ನೋಡಿ ಅನ್ನುತ್ತಿದ್ದ. ಹೊಸಬರ ಕಣ್ಣಲ್ಲಿ ನೀರು ಬರುತ್ತಿತ್ತು. ಗಂಡನ ಕೆಲಸವನ್ನೇ ಹಿಡಿದು ಅದೇ ಶೆಡ್ಡಿನಲ್ಲಿ ಹಂಡೆ ನೋಡಿಕೊಳ್ಳುತ್ತಿದ್ದ ಅತ್ತಿಗೆ, ಅವನು ಮೊಳೆಯಿಂದ ಕ್ಲಿಪ್ಪು ತೆಗೆಯುತ್ತಿದ್ದ ಹಾಗೇ ನೀರಿನ ಬಾಟಲಿ ಎತ್ತಿಕೊಂಡು ಹೊರಗೆ ನಡೆಯುತ್ತಿದ್ದಳು. ಮಾತು ಮುಗಿದ ಮೇಲೆ ಬರುತ್ತಿದ್ದಳು. ಹನ್ನೊಂದು ವರ್ಷ ಒಂದು ಸಲವೂ ಎದುರು ಮಾತಾಡಿದವಳಲ್ಲ.

ಮನೆಯೂ ಒಂದೇ. ಮುಂದಿನ ಎರಡು ಕೋಣೆ ಅವನದು, ಅವನ ಹೆಂಡತಿಯದು. ಹಿಂದಿನ ಕೋಣೆ ಅತ್ತಿಗೆಯದು, ಅವಳ ಮಗಳದು. ಅಪ್ಪ ಹೋದಾಗ ಎರಡು ವರ್ಷದ ಕೂಸು, ಈಗ ಹದಿಮೂರು. ಮನೆಯಲ್ಲಿ ಅವಳ ಅಡ್ಡಹೆಸರು ಬೀಗಮ್ಮ. ಚಿಕ್ಕವಳಿದ್ದಾಗ ಪೆನ್ಸಿಲ್ಲೋ ಛತ್ರಿಯೋ ಶಾಲೆಯಲ್ಲಿ ಬಿಟ್ಟು ಬಂದರೆ ಕ್ಲಿಪ್ಪಣ್ಣ ಅವಳ ಕೆನ್ನೆ ಹಿಂಡಿ, ಮರೆವು ಅಪ್ಪನಿಂದ ಬಂದದ್ದು, ಹುಷಾರಾಗಿರಬೇಕು ಮಗಳೇ ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಈಗ ಆ ಹುಡುಗಿ ಮನೆಯಿಂದ ಹೊರಟರೆ ಬೀಗವನ್ನು ಮೂರು ಸಲ ಎಳೆದು ನೋಡುತ್ತಾಳೆ. ಬೀದಿಯ ಮೂಲೆಯವರೆಗೆ ಹೋಗಿ ವಾಪಸು ಬಂದು ಮತ್ತೆ ಎಳೆಯುತ್ತಾಳೆ. ಎಲ್ಲರೂ ನಗುತ್ತಾರೆ. ಅವಳು ನಗುವುದಿಲ್ಲ.

ಇಂತಿರುವಾಗ ಕಾರ್ಖಾನೆ ನೋಡಲು ದೊಡ್ಡ ಮಂದಿ ಬರುವ ಸುದ್ದಿ ಬಂತು. ಶುಕ್ರವಾರ ಬರುತ್ತಾರೆ, ನೋಡಿದವರ ಕಣ್ಣು ಕುಕ್ಕಬೇಕು ಅಂತ ಮ್ಯಾನೇಜರ್ ಅಪ್ಪಣೆ ಹೊರಡಿಸಿದ. ಕಣ್ಣು ಕುಕ್ಕುವುದಕ್ಕೆ ಅಲ್ಲಿ ಒಂದೇ ದಾರಿ, ಬಣ್ಣ ಬಳಿಯುವುದು. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಛಾಯೆ ತಪ್ಪಿದ ಹಂಡೆಯನ್ನು ಮಾರುವಂತಿಲ್ಲ, ಚೆಲ್ಲುವಂತಿಲ್ಲ. ಅದು ಕಾರ್ಖಾನೆಯ ಸ್ವಂತ ಗೋಡೆಗೆ. ಹಾಗಾಗಿ ಆ ಗೋಡೆಗಳಿಗೆ ಬಂದ ಬಣ್ಣಗಳನ್ನು ಕಣ್ಣಿದ್ದವರು ಯಾರೂ ಕಾಸು ಕೊಟ್ಟು ಕೊಳ್ಳಲಾರರು. ಒಂದು ಸಲ ಗಿಳಿಹಸಿರು ಮಾಡಹೋಗಿ ಹಳದಿ ಜಾಸ್ತಿಯಾಗಿ ಕಾಯಿಲೆ ಬಿದ್ದ ಎಲೆಯ ಹಾಗಾಗಿತ್ತು, ಅದನ್ನೇ ಬಳಿದರು. ಈ ಸಲದ್ದು ಆಕಾಶನೀಲಿ ಆಗಬೇಕಿತ್ತು. ಯಾರದೋ ಕೈ ಜಾರಿ ಕಪ್ಪು ಬಿದ್ದು, ಏಟು ತಿಂದು ಬಾತ ಮೈಯ ಬಣ್ಣಕ್ಕೆ ತಿರುಗಿತ್ತು. ಎರಡೇ ದಿನದಲ್ಲಿ ಗೋಡೆ, ಬಾಗಿಲು, ಮೆಟ್ಟಿಲು, ಕಂಬಿ ಎಲ್ಲ ಆ ನೀಲಿ.

ಕಲಸುವ ಶೆಡ್ಡಿನ ಕಂಬವನ್ನು ಕ್ಲಿಪ್ಪಣ್ಣ ಬೇರೆಯವರಿಗೆ ಬಿಡಲಿಲ್ಲ. ಬರುವವರಿಗೆ ಅಣ್ಣನ ಕಥೆ ಹೇಳಬೇಕು, ಸುರಕ್ಷತೆ ಅಂದರೆ ನಮ್ಮಲ್ಲಿ ಹೀಗೆ ಅಂತ ತೋರಿಸಬೇಕು ಅಂತ ಮ್ಯಾನೇಜರ್ ಮೊದಲೇ ಹೇಳಿದ್ದ. ಅಂದ ಮೇಲೆ ಆ ಕಂಬ ಎಲ್ಲಕ್ಕಿಂತ ಚೆಂದ ಇರಬೇಡವೇ? ಸೋಮವಾರ ಮಧ್ಯಾಹ್ನ ಹಂಡೆಗಳೆಲ್ಲ ಖಾಲಿ ಇದ್ದಾಗ ಕಂಬ ಉಜ್ಜಿದ. ತಾಮ್ರದ ಪಟ್ಟಿ ಕಿಲುಬು ಹಿಡಿದು ಅಸಹ್ಯವಾಗಿತ್ತು, ಅದನ್ನೂ ಉಜ್ಜಿದ. ಮೊದಲು ಎರಡೂ ಮೈಗೆ ಅಡಿಬಣ್ಣ, ಅಂದರೆ ಪ್ರೈಮರ್, ಒಂದು ಕೈ. ಅದು ಕಲ್ಲಿನಂತೆ ಗಟ್ಟಿಯಾದ ಮೇಲೆ ಮಂಗಳವಾರ ಹೊತ್ತಾರೆ ನೀಲಿ ಎರಡು ಕೈ. ಕುಂಚದ ಗೀರು ಒಂದೂ ಕಾಣದ ಹಾಗೆ, ಪಟ್ಟಿಯ ಹಿಂದೆ ಮುಂದೆ, ಅಂಚಿನವರೆಗೂ ಬಣ್ಣ ಎಳೆದ. ಕರೆಂಟಿನ ಕೆಲಸದವನೊಬ್ಬ ಆ ಹೊತ್ತಿಗೆ ಅಲ್ಲಿ ಹಾದುಹೋಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದ. ಬಣ್ಣ ಅಂದರೆ ಕರೆಂಟಿಗೆ ಗೋಡೆ ಕಟ್ಟಿದ ಹಾಗೆ. ಆದರೆ ಅಲ್ಲಿದ್ದವರೆಲ್ಲ ಬಣ್ಣದವರು. ಬರೀ ಲೋಹ ಕಂಡರೆ ಅವರ ಕೈ ತುರಿಸುತ್ತದೆ. ಬಳಿದದ್ದು ಕಂಡರೆ ಕೆಲಸ ಮುಗಿಯಿತು ಅಂತ ನೆಮ್ಮದಿ. ಇಡೀ ಜನ್ಮ ಕ್ಲಿಪ್ಪು ಕ್ಲಿಪ್ಪು ಅಂತ ಬಡಿದುಕೊಂಡವನಿಗೆ ಕ್ಲಿಪ್ಪು ಪಟ್ಟಿಯ ಮೇಲೆ ಇದೆಯೋ ಇಲ್ಲವೋ ಅನ್ನುವುದಷ್ಟೇ ಗೊತ್ತಿತ್ತು. ಅದು ಏನನ್ನು ಕಚ್ಚಿದೆ ಅಂತ ನೋಡುವುದನ್ನು ಯಾರೂ ಕಲಿಸಿರಲಿಲ್ಲ, ಅವನೂ ಕೇಳಿರಲಿಲ್ಲ.

ಬುಧವಾರ ಗಾಳಿ ಒಣಗಿ ತುಟಿಯೆಲ್ಲ ಒಡೆಯುವಷ್ಟಾಗಿತ್ತು. ಅತ್ತಿಗೆ ಕೆಂಪು ಬಣ್ಣದ ಹಂಡೆ ಶುರು ಮಾಡಿದ್ದಳು. ಬೆಳಿಗ್ಗೆ ರಾಳ ಬಿಡುವಾಗ ಮೊಣಕೈ ಹಂಡೆಗೆ ತಾಗಿ ಚುರ್ ಅಂತಂತೆ. ಊಟದ ಹೊತ್ತಿಗೆ ಬಂದು ಹೇಳಿದಳು. ಅವನ ಬಾಯಿಂದ ಹೊರಟದ್ದು ಅದೇ ಹಳೇ ಪ್ರಶ್ನೆ. ಅವಳ ಮುಖ ಬಿಗಿಯಿತು. ಹಾಕಿದೀನಿ, ಬೇಕಾದರೆ ಹೋಗಿ ನೋಡು ಅಂದಳು. ಹೋಗಿ ನೋಡಿದ. ಹಿತ್ತಾಳೆಯ ಕ್ಲಿಪ್ಪು ಹೊಸ ನೀಲಿಯ ಮೇಲೆ ಠೀವಿಯಿಂದ ಕೂತಿತ್ತು. ಹವೆ ಒಣಗಿದೆ, ಅದಕ್ಕೇ ಇರಬೇಕು ಅಂದುಕೊಂಡು ವಾಪಸು ಬಂದ. ಆ ಸಂಜೆಯೂ ಅವಳ ಸೀರೆಯ ಅಂಚು ಹಂಡೆಯ ಕಡೆ ತಾನಾಗಿ ಎಳೆದುಕೊಳ್ಳುತ್ತಿತ್ತು. ಅದನ್ನು ಕಂಡು ಪಕ್ಕದವಳು ತಮಾಷೆ ಮಾಡಿದಳೇ ಹೊರತು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಗುರುವಾರ ಹನ್ನೊಂದರ ಸುಮಾರಿಗೆ ಅರೆದ ಕೆಂಪು ಗಿರಣಿಯಿಂದ ಹಂಡೆಗೆ ಬಂತು. ಅತ್ತಿಗೆ ಕಲಕುವ ಯಂತ್ರ ನಿಲ್ಲಿಸಿ, ಕೊಳವೆಯ ತಿರುಪು ತೆಗೆದಳು. ಥಿನ್ನರ್ ಸುಯ್ ಅಂತ ಬೀಳತೊಡಗಿತು. ಕ್ಲಿಪ್ಪಣ್ಣ ಕಂಬದ ಹತ್ತಿರ ನಿಂತು ನಾಳೆ ಹೇಳಬೇಕಾದ ಕಥೆಯನ್ನು ಮನಸ್ಸಿನಲ್ಲೇ ಒಪ್ಪ ಮಾಡಿಕೊಳ್ಳುತ್ತಿದ್ದ. ತನ್ನ ಕೈಕೆಲಸ ನೋಡಿ ಖುಷಿಯೂ ಆಯಿತು, ಹೆಬ್ಬೆರಳಿನಿಂದ ಪಟ್ಟಿಯನ್ನು ಒತ್ತಿದ. ಮೇಲ್ಗಡೆ ಕೆನೆ ಕಟ್ಟಿದ್ದ ನೀಲಿ ಸುಕ್ಕಾಯಿತು, ಒಳಗೆ ಇನ್ನೂ ಹಸಿ. ಛೆ, ಕ್ಲಿಪ್ಪಿನ ಹಲ್ಲಿಗೆಲ್ಲ ಮೆತ್ತಿಕೊಂಡಿರುತ್ತದೆ, ಒರೆಸಬೇಕು ಅಂತ ಬಗ್ಗಿ ನೋಡಿದ. ಸವೆದು ಮೊಂಡಾದ ಹಲ್ಲು ನೀಲಿಯೊಳಗೆ ಹೂತು, ಅದರಡಿಯ ಪ್ರೈಮರ್ ಮೇಲೆ ನಿಂತಿತ್ತು. ಹಾಸಿಗೆಯ ಮೇಲೆ ಮಲಗಿದವರ ಬೆನ್ನು ನೆಲಕ್ಕೆ ತಾಗುತ್ತದೆಯೇ? ಹಾಗೆ. ತಾಮ್ರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಅವನು ತಲೆ ಎತ್ತಿ ಹಂಡೆಯ ಕಡೆ ನೋಡಿದ. ಹಂಡೆಯ ಹೊರಮೈಗೆ ಅಂಟಿದ್ದ ಕೆಂಪು ಪುಡಿ ಮುಳ್ಳುಮುಳ್ಳಾಗಿ ನೆಟ್ಟಗೆ ಎದ್ದು ನಿಂತಿತ್ತು. ಅತ್ತಿಗೆಯ ಕಿವಿಯ ಹಿಂದಿನ ಕೂದಲೂ ಗಾಳಿಯಿಲ್ಲದೆ ಎದ್ದಿತ್ತು. ಅವಳು ತಿರುಪು ಮುಚ್ಚಿದಳು. ಒಂದು ಕೈ ಇನ್ನೂ ಕೊಳವೆಯ ಮೇಲೇ ಇತ್ತು, ಇನ್ನೊಂದು ಕೈ ಗೂಟಕ್ಕೆ ನೇತುಹಾಕಿದ್ದ ಸೌಟನ್ನು ತೆಗೆದುಕೊಂಡಿತು.

ಕೂಗಬಾರದು ಅಂತ ಅವನಿಗೆ ಹೇಗೆ ಹೊಳೆಯಿತೋ ದೇವರೇ ಬಲ್ಲ. ಕೂಗಿದ್ದರೆ ಬೆಚ್ಚಿ ಸೌಟು ಬೀಳಿಸಿಬಿಡುತ್ತಿದ್ದಳು.

“ಅತ್ತಿಗೆ, ಸೌಟು ಹಂಡೆಗೆ ತಾಗಿಸಬೇಡಿ. ಹಾಗೇ ನಿಂತ್ಕೊಳ್ಳಿ,” ಅಂದ.

ಅವಳು ತಿರುಗಿದಳು. ಇವನು ಕಂಬದ ಪಕ್ಕ ನಿಂತದ್ದು ಕಂಡು ಅವಳಿಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ವರ್ಷದ ಸಿಟ್ಟು ಅದು.

“ಹಾಕಿದೀನಿ ಕಣೋ,” ಅಂದಳು. “ಹಾಕಿದೀನಿ.”

ಬಟ್ಟೆ ಸುತ್ತಿದ ಮುಖ, ಅದರ ನಡುವಿನ ತುಟಿ ಅವನ ಕಣ್ಣಿಗೆ ಕಟ್ಟಿತು. ಆದರೂ ಮಗುವಿಗೆ ಹೇಳುವ ಹಾಗೆ ಒಂದೊಂದೇ ಹೇಳಿದ. ಹಾಕಿದೀರಿ, ನನಗೆ ಗೊತ್ತು. ಆದರೆ ಅದು ಹಿಡಿದಿಲ್ಲ. ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಹಿಂದಕ್ಕೆ ಬನ್ನಿ. ಹಂಡೆಗೆ ಮೈ ತಾಗಬಾರದು, ಸೆರಗು ತಾಗಬಾರದು. ಇನ್ನೊಂದು ಹೆಜ್ಜೆ. ಇನ್ನೊಂದು. ಅವಳು ಸೆರಗನ್ನು ಎದೆಗೆ ಒತ್ತಿ ಹಿಡಿದು ಹಿಂದೆ ಹಿಂದೆ ಬಂದಳು. ಬಾಗಿಲವರೆಗಿನ ಹದಿನೈದು ಹೆಜ್ಜೆ ಅವನಿಗೆ ಹದಿನೈದು ಮೈಲಿಯಾಯಿತು. ಹಂಡೆಯಿಂದ ಚಟ್ ಅಂತ ಸಣ್ಣ ಸದ್ದೊಂದು ಬಂದಾಗ ಇಬ್ಬರೂ ಕಣ್ಣು ಮುಚ್ಚಿದರು. ಏನೂ ಆಗಲಿಲ್ಲ. ಹೊರಗೆ ಬಂದ ಮೇಲೆ ಅತ್ತಿಗೆಯ ಕೈಯಿಂದ ಸೌಟು ಬಿಡಿಸುವುದಕ್ಕೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು.

ಉಳಿದವರನ್ನೂ ಹೊರಗೆ ಕರೆದು, ಅರ್ಧ ಗಂಟೆ ಯಾರೂ ಒಳಗೆ ಕಾಲಿಡಕೂಡದು ಅಂದ. ಅಷ್ಟು ಹೊತ್ತು ಸುಮ್ಮನೆ ಬಿಟ್ಟರೆ ಹಂಡೆಯ ಕರೆಂಟು ತಾನೇ ಕರಗುತ್ತದೆ ಅಂತ ಕಾರ್ಖಾನೆಯ ಕರೆಂಟು ಕೆಲಸದವನು ಓಡಿಬಂದು ಹೇಳಿದ. ತೆರೆದ ಬಾಗಿಲಿನಿಂದ ಹಂಡೆ ಕಾಣುತ್ತಿತ್ತು. ಕೆಂಪು ತುಂಬಿಕೊಂಡು, ಸದ್ದಿಲ್ಲದೆ, ನಾನೇನು ಮಾಡಿದೆ ಅನ್ನುವ ಹಾಗೆ ನಿಂತಿತ್ತು. ಅದನ್ನು ನೋಡುತ್ತಾ ಕೂರುವಷ್ಟು ಹಿಂಸೆ ಇನ್ನೊಂದಿಲ್ಲ. ಮ್ಯಾನೇಜರ್ ಬಂದು, ನಾಳೆ ಜನ ಬರುವಾಗ ಇದೇನು ನಾಟಕ ಅಂತ ಹಾರಾಡಿದ. ಕರೆಂಟಿನವನು ಹಂಡೆಯ ಕಡೆ ಬೆರಳು ತೋರಿಸಿದ ಮೇಲೆ ಅವನೂ ತಣ್ಣಗಾಗಿ ಒಂದು ಕಡೆ ನಿಂತ.

ಅರ್ಧ ಗಂಟೆಯ ಮೇಲೆ ಇನ್ನೂ ಕಾಲು ಗಂಟೆ ಕಳೆಯಲು ಬಿಟ್ಟು, ಆವಿ ಅಳೆಯುವ ಯಂತ್ರ ಹಿಡಿದು ನೋಡಿ, ಕರೆಂಟಿನವನು ತನ್ನ ಮೀಟರು ತೆಗೆದುಕೊಂಡು ಒಳಗೆ ಹೋದ. ಒಂದು ತಂತಿಯನ್ನು ಹಂಡೆಗೆ, ಇನ್ನೊಂದನ್ನು ಪಟ್ಟಿಯ ಬಣ್ಣ ತಾಗದ ಬುಡಕ್ಕೆ ಹಿಡಿದ. ಹಂಡೆಗೂ ನೆಲಕ್ಕೂ ಸಂಪರ್ಕವಿದ್ದರೆ ಮುಳ್ಳು ಏಳಬೇಕು, ಅಲ್ಲಾಡಲಿಲ್ಲ. ಕ್ಲಿಪ್ಪು ತೆಗೆದು ಹಿಡಿದ, ಮತ್ತೆ ಹಾಕಿ ಹಿಡಿದ. ಮುಳ್ಳು ಸತ್ತಂತೆ ಬಿದ್ದಿತ್ತು.

“ಇದನ್ನ ಹಾಕಿದ್ರೂ ಒಂದೇ, ಬಿಟ್ರೂ ಒಂದೇ,” ಅಂದ ಕರೆಂಟಿನವನು. “ಯಾವ ಪುಣ್ಯಾತ್ಮ ಸ್ವಾಮಿ ಪಟ್ಟಿಗೆ ಬಣ್ಣ ಹೊಡೆದೋನು?”

ಪುಣ್ಯಾತ್ಮ ಬಾಗಿಲಲ್ಲೇ ನಿಂತಿದ್ದ. ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಆ ಮಾತು ಅವನ ತಲೆಯೊಳಗೆ ಹೋಗಿ ಹಳೇ ಬಾಗಿಲೊಂದನ್ನು ತಳ್ಳಿತು. ಹನ್ನೊಂದು ವರ್ಷದ ಹಿಂದೆಯೂ ಯಾರೋ ದೊಡ್ಡವರು ಬರುವವರಿದ್ದರು. ಬೆಂಕಿಯ ಗಲಾಟೆಯಲ್ಲಿ ಆಮೇಲೆ ಅವರು ಬರಲೇ ಇಲ್ಲ. ಆಗಲೂ ಕಾರ್ಖಾನೆಗೆಲ್ಲ ಬಣ್ಣ ಬಳಿದಿದ್ದರು. ಪ್ರೈಮರ್ ಬಳಿದು, ಅದರ ಮೇಲೆ ಅದೇ ಕಾಯಿಲೆ ಬಿದ್ದ ಎಲೆಯ ಹಸಿರು. ಬೆಂಕಿಯಾದ ಮೇಲೆ ಕಂಬವನ್ನು ಉಜ್ಜಿ ಉಜ್ಜಿ ಮಸಿ ತೆಗೆದರು, ಮಸಿಯ ಜೊತೆ ಸುಟ್ಟ ಬಣ್ಣವೂ ಹೋಯಿತು, ತಾಮ್ರ ಹೊರಗೆ ಬಂತು. ಹಾಗಾಗಿ ವಿಚಾರಣೆಯವರು ಬಂದಾಗ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಬೆಂಕಿಗೆ ಮೂರು ದಿನ ಮುಂಚೆ ಆ ಕಂಬಕ್ಕೆ ಹಸಿರು ಹೊಡೆದ ಕೈ ಯಾರದು? ಅಣ್ಣ ಏಣಿ ಹಿಡಿದುಕೊಂಡು, ಅಂಚು ಬಿಟ್ಟೆಯಲ್ಲೋ, ಸರಿಯಾಗಿ ಎಳೆಯೋ ಅಂತ ನಗುತ್ತಿದ್ದ. ಏಣಿಯ ಮೇಲಿದ್ದವನು ತಮ್ಮ.

ಅವನು ಹಲಗೆಯ ಹತ್ತಿರ ಹೋಗಿ ಮೊಳೆಯಿಂದ ಹಳೇ ಕ್ಲಿಪ್ಪು ತೆಗೆದ. ಎಷ್ಟು ಸಲ ತೆಗೆದಿದ್ದನೋ ಲೆಕ್ಕವಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಎಷ್ಟು ಜನರ ಕಣ್ಣಲ್ಲಿ ನೀರು ತರಿಸಿದ್ದ! ಒಂದು ಸಲವೂ ಬಾಯಿ ಬಿಡಿಸಿ ನೋಡಿರಲಿಲ್ಲ. ಬಣ್ಣದ ಕಾರ್ಖಾನೆಯ ಸಾಮಾನಿನ ಮೇಲೆ ಬಣ್ಣ ಇದ್ದರೆ ಯಾರು ನೋಡುತ್ತಾರೆ? ಕನ್ನಡಕ ಏರಿಸಿ, ಎರಡು ಹೆಬ್ಬೆರಳಿನಿಂದ ಒತ್ತಿ ಅದರ ಬಾಯಿ ಅಗಲಿಸಿದ. ಮೇಲಿನ ಸಾಲಿನ ಹಲ್ಲುಗಳ ಸಂದಿಯಲ್ಲಿ, ಕೆಳಗಿನ ಸಾಲಿನ ಸಂದಿಯಲ್ಲಿ, ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು ಆ ಹಸಿರು. ಹಳದಿ ಜಾಸ್ತಿಯಾದ ಹಸಿರು. ಜಗತ್ತಿನಲ್ಲಿ ಒಂದೇ ಒಂದು ಹಂಡೆ ಆದದ್ದು. ಹಸಿ ಇದ್ದಾಗ ಕಚ್ಚಿದರೆ ಮಾತ್ರ ಹಾಗೆ ಹಲ್ಲಿನ ಸಂದಿಗೆ ಸೇರುತ್ತದೆ, ಎರಡು ಕಡೆಯೂ. ಅಣ್ಣ ಕ್ಲಿಪ್ಪು ಹಾಕಿದ್ದ. ಹಾಕಿದ್ದೆ ಅಂತ ಸಾಯುವ ತನಕ ಹೇಳಿದ್ದ.

ಕ್ಲಿಪ್ಪಣ್ಣ ಹೊಸ ನೀಲಿಯ ಮೆಟ್ಟಿಲ ಮೇಲೆ ಬಂದು ಕೂತ. ಪಕ್ಕದಲ್ಲಿ ಅತ್ತಿಗೆ ಕೂತಿದ್ದಳು, ನೀರಿನ ಬಾಟಲಿಯ ಮುಚ್ಚಳ ತೆಗೆಯಲಾರದೆ ತಿರುಗಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಚಾಕುವಿನ ತುದಿಯಿಂದ ಆ ಹಸಿರನ್ನು ಕೆರೆದು ಬಿಸಾಡಿದರೆ ಮುಗಿಯಿತು. ಆ ಯೋಚನೆ ಅವನಿಗೆ ಬರಲಿಲ್ಲ ಅಂತ ನಾನು ಹೇಳುವುದಿಲ್ಲ. ಬಂತು, ಸ್ವಲ್ಪ ಹೊತ್ತು ಕೂತಿತ್ತು ಕೂಡ. ಆಮೇಲೆ ಕ್ಲಿಪ್ಪನ್ನು ಅವಳ ಮಡಿಲಿಗೆ ಇಟ್ಟ.

“ಅಣ್ಣ ಹಾಕಿದ್ದ, ಅತ್ತಿಗೆ.”

ಅವಳು ಕ್ಲಿಪ್ಪನ್ನು ನೋಡಿದಳು. ಬಣ್ಣದವನ ಹೆಂಡತಿ, ಬಣ್ಣದ ಕೆಲಸದವಳು. ಹಸಿರು ಯಾವುದು ಅಂತ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಬೆರಳಿನಿಂದ ಒಂದೊಂದೇ ಹಲ್ಲು ಮುಟ್ಟಿದಳು. ನನಗೆ ಗೊತ್ತಿತ್ತು ಅಂತ ಮೆಲ್ಲಗೆ ಅಂದಳು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತನಗೆ ಅನುಮಾನ ಇರಲಿಲ್ಲ ಅಂದಳು. ಆಮೇಲೆ ತಲೆ ಎತ್ತದೆ ಕೇಳಿದಳು.

“ಅವತ್ತು ಕಂಬಕ್ಕೆ ಹೊಡೆದೋರು ಯಾರು?”

“ನಾನೇ.”

ಅಳುತ್ತಾಳೆ, ಬೈಯುತ್ತಾಳೆ, ಕ್ಲಿಪ್ಪನ್ನು ಮುಖಕ್ಕೆ ಎಸೆಯುತ್ತಾಳೆ ಅಂದುಕೊಂಡಿದ್ದ. ಎಸೆದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಅವಳು ಕ್ಲಿಪ್ಪಿನ ಬಾಯಿ ಮುಚ್ಚಿದಳು. ಬಣ್ಣ ಹೊಡೆದದ್ದು ನಿನಗೆ ಗೊತ್ತಿಲ್ಲದೆ ಆದದ್ದು, ಅದಕ್ಕೆ ನಾನೇನೂ ಹೇಳುವುದಿಲ್ಲ ಅಂದಳು ಕೊನೆಗೆ. ಆದರೆ ಸಾಯುವವನ ಮಾತು ನಂಬಲಿಲ್ಲವಲ್ಲ ನೀನು. ನಂಬದಿದ್ದರೆ ಹೋಗಲಿ, ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆಯಲ್ಲ. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಅವನಿಗೆ ತಲೆ ಎತ್ತುವ ಮುಖವಿರಲಿಲ್ಲ.

“ನನಗೆ ಹೇಳಿದ್ದು ಸಾಕು,” ಅಂದಳು ಅತ್ತಿಗೆ, ಕ್ಲಿಪ್ಪನ್ನು ಅವನ ಕೈಗೆ ವಾಪಸು ಕೊಟ್ಟು. “ಮಗಳಿಗೆ ಹೇಳು.”

ಮಧ್ಯಾಹ್ನವೆಲ್ಲ ಅವನು ಕಾರ್ಖಾನೆಯ ಒಂದೊಂದು ಕಂಬಕ್ಕೂ ಹೋಗಿ ಪಟ್ಟಿಯ ಮೇಲಿನ ಬಣ್ಣವನ್ನು ಕೆರೆದ. ಏಳು ಪಟ್ಟಿ. ಕರೆಂಟಿನವನು ಹಿಂದೆಯೇ ಮೀಟರು ಹಿಡಿದು ಬಂದ. ಮ್ಯಾನೇಜರ್ ಬಂದು, ಚೆಂದದ ಕಂಬಗಳನ್ನು ಇಲಿ ಕೆರೆದ ಹಾಗೆ ಮಾಡಿದೆಯಲ್ಲ, ನಾಳೆ ಬರುವವರ ಮುಂದೆ ಮಾನ ಹೋಗುತ್ತದೆ ಅಂದ. ನಾಳೆ ನಾನು ಹೇಳುವ ಕಥೆಯೂ ಬೇರೆ ಆಗಿರುತ್ತೆ ಸಾರ್ ಅಂದ ಕ್ಲಿಪ್ಪಣ್ಣ. ಯಾವ ಕಥೆ ಅಂತ ಮ್ಯಾನೇಜರ್ ಕೇಳಿದ. ಇವನು ಹೇಳಿದ್ದನ್ನು ಕೇಳಿದ ಮೇಲೆ ಅವನ ಮುಖ ಕಪ್ಪಿಟ್ಟಿತು. ಹಳೇದನ್ನೆಲ್ಲ ಈಗ ಯಾಕೆ ಕೆದಕುತ್ತೀಯ ಮಾರಾಯ ಅಂತ ಗೊಣಗಿಕೊಂಡು ಹೊರಟುಹೋದ. ಅವನ ಮಾತು ಕೇಳುವ ಸ್ಥಿತಿಯಲ್ಲಿ ಕ್ಲಿಪ್ಪಣ್ಣ ಇರಲಿಲ್ಲ. ಉಗುರಿನ ಸಂದಿಯಲ್ಲೆಲ್ಲ ನೀಲಿ ತುಂಬಿತ್ತು. ಏಳನೇ ಪಟ್ಟಿ ಮುಗಿದ ಮೇಲೆ ಕೈ ತೊಳೆದ, ನೀಲಿ ಹೋಗಲಿಲ್ಲ.

ಸಾಯಂಕಾಲ ಅವನೂ ಅತ್ತಿಗೆಯೂ ಬೀದಿ ಹಿಡಿದು ಮನೆಗೆ ಬಂದಾಗ ಬೀಗಮ್ಮ ಅಂಗಡಿಗೆ ಹೊರಟು ಬಾಗಿಲಲ್ಲೇ ಇದ್ದಳು. ಚಿಕ್ಕಮ್ಮ ಹಪ್ಪಳದ ಹಾಗೆ ಒಣಗಿದ ಬಟ್ಟೆ ತರಲು ಹೊರಮೆಟ್ಟಿಲಿನಿಂದ ಮಹಡಿಗೆ ಹೋಗಿದ್ದಳು, ಅದಕ್ಕೆ ಬೀಗ. ಒಂದು ಸಲ ಎಳೆದಳು. ಎರಡನೇ ಸಲ ಎಳೆದಳು. ಕ್ಲಿಪ್ಪಣ್ಣ ಅವಳ ಹಿಂದೆ ಬಂದು ನಿಂತು, ಇಲ್ಲಿ ಕೂತ್ಕೋ ಮಗಳೇ ಅಂದ. ಜಗುಲಿಯ ಮೇಲೆ ಕೂರಿಸಿ, ಜೇಬಿನಿಂದ ಕ್ಲಿಪ್ಪು ತೆಗೆದು, ಬಾಯಿ ಬಿಡಿಸಿ ಹಲ್ಲಿನ ಹಸಿರು ತೋರಿಸಿದ. ಬೆಳಗಿನಿಂದ ಆದದ್ದೆಲ್ಲ ಹೇಳಿದ. ಹನ್ನೊಂದು ವರ್ಷದ ಹಿಂದಿನದೂ ಹೇಳಿದ, ಏಣಿಯ ಮೇಲಿದ್ದವನು ಯಾರು ಅನ್ನುವುದನ್ನೂ ಬಿಡದೆ ಹೇಳಿದ. ಅವಳು ಅಳಲಿಲ್ಲ. ಹುಬ್ಬು ಗಂಟಿಕ್ಕಿ ಕ್ಲಿಪ್ಪನ್ನೇ ನೋಡುತ್ತಿದ್ದಳು, ಕಷ್ಟದ ಲೆಕ್ಕ ಕೊಟ್ಟಾಗ ನೋಡುವ ಹಾಗೆ.

“ಹಾಗಾದ್ರೆ ಅಪ್ಪನಿಗೆ ಮರೆವು ಇರಲಿಲ್ವಾ?” ಅಂದಳು.

“ಇರಲಿಲ್ಲ.”

“ಮತ್ತೆ ನನಗೆ ಎಲ್ಲಿಂದ ಬಂತು, ಚಿಕ್ಕಪ್ಪ?”

ಹನ್ನೊಂದು ವರ್ಷ ಎಲ್ಲರಿಗೂ ಎಲ್ಲಕ್ಕೂ ಉತ್ತರ ಹೇಳಿಕೊಂಡು ಬಂದವನು ಕ್ಲಿಪ್ಪನ್ನು ಜಗುಲಿಯ ಮೇಲೆ ಇಟ್ಟ. ಕಣ್ಣಲ್ಲಿ ನೀರು ತುಂಬಿ ಹುಡುಗಿಯ ಮುಖ ಕಾಣದಾಯಿತು. ಮೆಟ್ಟಿಲ ಹತ್ತಿರ ನಿಂತಿದ್ದ ಅತ್ತಿಗೆ ಹತ್ತಿರ ಬಂದು ಮಗಳ ಪಕ್ಕ ಕೂತಳು. ನಿನಗೆ ಮರೆವು ಇಲ್ಲವೇ ಇಲ್ಲ, ಯಾವತ್ತೂ ಇರಲಿಲ್ಲ ಅಂದಳು. ಹುಡುಗಿ ಅಮ್ಮನ ಮುಖ ನೋಡಿದಳು, ಚಿಕ್ಕಪ್ಪನ ಮುಖ ನೋಡಿದಳು. ಆಮೇಲೆ ಎದ್ದು ಬಾಗಿಲ ಹತ್ತಿರ ಹೋಗಿ ಬೀಗದ ಮೇಲೆ ಕೈ ಇಟ್ಟು ನಿಂತಳು. ಎಳೆಯಲಿಲ್ಲ, ಕೈಯನ್ನು ತೆಗೆಯಲೂ ಇಲ್ಲ.